ರಿಯಾಯಿತಿಗೆ ಸಿಕ್ಕ ಎಸ್‌ಎಸ್‌ಡಿ ಕೊಳ್ಳಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತೇನೆ. ಎಸ್‌ಎಸ್‌ಡಿ ಎಂದರೆ ಹಾರ್ಡ್‌ಡಿಸ್ಕಿನ ಬದಲು ಕಂಪ್ಯೂಟರಿಗೆ ಹಾಕುವ, ಫೈಲುಗಳನ್ನು ಫ್ಲ್ಯಾಶ್ ಎಂಬ ಬಗೆಯ ಚಿಪ್ಪುಗಳಲ್ಲಿ ಉಳಿಸಿಡುವ ಡ್ರೈವ್. ದಸರಾದಿಂದ ದೀಪಾವಳಿವರೆಗೆ ಆನ್‌ಲೈನ್ ಸೇಲ್‌ಗಳು ನಡೆಯುವಾಗ ದಿನಕ್ಕೆ ನಾಲ್ಕೈದು ಎಸ್‌ಎಸ್‌ಡಿ ಲಿಂಕ್‌ಗಳಾದರೂ ನನ್ನ ವಾಟ್ಸಾಪ್‌ಗೆ ಬರುತ್ತವೆ. ಜೊತೆಗೆ ಒಂದೇ ಸಾಲು: 'ಅಣ್ಣ, ಇದು ತಗೋಬಹುದಾ?' ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತ ಬಂದದ್ದನ್ನೇ ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ. ಡ್ರೈವ್‌ಗೆ ಕೊಟ್ಟ ದುಡ್ಡು ಹೋದರೆ ಮತ್ತೆ ದುಡಿಯಬಹುದು. ಅದರೊಳಗೆ ಹಾಕಿದ ಮಗುವಿನ ಮೊದಲ ವರ್ಷದ ಫೋಟೋಗಳು ಹೋದರೆ ಹೋದವೇ. ಅದಕ್ಕೇ ಉತ್ತರಗಳು ಕೆಲವು ಕಡೆ ಉದ್ದವಾಗಿವೆ.

'ಶೇ 70 ರಿಯಾಯಿತಿ' ಎಂದು ಹಾಕಿದ್ದಾರೆ. ನಿಜಕ್ಕೂ ಅಷ್ಟು ಅಗ್ಗವೇ?

ಗೆರೆ ಹೊಡೆದು ತೋರಿಸುವ ದೊಡ್ಡ ಅಂಕಿ ಸಾಮಾನ್ಯವಾಗಿ ಎಂಆರ್‌ಪಿ. ಪೊಟ್ಟಣದ ಮೇಲೆ ಎಂಆರ್‌ಪಿ ಅಚ್ಚು ಹಾಕಬೇಕೆಂಬ ನಿಯಮ ನಮ್ಮಲ್ಲಿದೆ, ಅದನ್ನು ಮೀರಿ ಮಾರುವಂತಿಲ್ಲ ಅಷ್ಟೇ. ಎಸ್‌ಎಸ್‌ಡಿ ವ್ಯಾಪಾರದಲ್ಲಿ ಆ ಬೆಲೆಗೆ ಯಾರೂ ಮಾರುವುದೂ ಇಲ್ಲ, ಯಾರೂ ಕೊಳ್ಳುವುದೂ ಇಲ್ಲ. ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳಿ. ಎಂಆರ್‌ಪಿ 12,000 ರೂಪಾಯಿ ಇರುವ ಡ್ರೈವ್ ವರ್ಷವಿಡೀ 5,200ಕ್ಕೆ ಸಿಗುತ್ತಿತ್ತು. ಸೇಲ್ ದಿನ 4,990ಕ್ಕೆ ಬಂತು. ಪರದೆಯ ಮೇಲೆ 'ಶೇ 58 ರಿಯಾಯಿತಿ' ಎಂದು ಕಾಣಿಸುತ್ತದೆ. ನಿಮಗೆ ನಿಜವಾಗಿ ಉಳಿದದ್ದು 210 ರೂಪಾಯಿ, ಶೇ 4ರಷ್ಟು.

ಹಾಗಾಗಿ ಶೇಕಡಾವಾರನ್ನು ಬದಿಗಿಟ್ಟು ಎರಡು ವಿಷಯ ನೋಡಿ. ಒಂದು, ಕಳೆದ ಮೂರು ತಿಂಗಳಲ್ಲಿ ಇದೇ ಡ್ರೈವ್ ಎಷ್ಟಕ್ಕೆ ಮಾರಾಟವಾಗಿದೆ. ಅಮೆಜಾನ್ ಇಂಡಿಯಾದ ಬೆಲೆ ಏರಿಳಿತವನ್ನು ಕೀಪಾ ಎಂಬ ಸೇವೆ ನಕ್ಷೆಯಲ್ಲಿ ತೋರಿಸುತ್ತದೆ. ಸೇಲ್‌ಗೆ ಎರಡು ವಾರ ಮೊದಲು ಬೆಲೆ ಏರಿಸಿ ಆಮೇಲೆ ಇಳಿಸಿದ್ದರೆ ಆ ಗೆರೆಯಲ್ಲೇ ಕಾಣುತ್ತದೆ. ಎರಡು, ಒಂದು ಜಿಬಿಗೆ ಎಷ್ಟು ಬೀಳುತ್ತದೆ. 500 ಜಿಬಿಗೆ 2,900 ಆದರೆ ಜಿಬಿಗೆ 5 ರೂಪಾಯಿ 80 ಪೈಸೆ. 1 ಟಿಬಿಗೆ, ಅಂದರೆ ಸಾವಿರ ಜಿಬಿಗೆ, 4,700 ಆದರೆ 4 ರೂಪಾಯಿ 70 ಪೈಸೆ. ಎರಡನೆಯದರ ಪಕ್ಕದಲ್ಲಿ 'ಆಫರ್' ಎಂಬ ಕೆಂಪು ಚೀಟಿ ಇಲ್ಲದಿದ್ದರೂ ಅದೇ ಅಗ್ಗ.

ಇನ್ನೊಂದು ದಾರಿ ನನ್ನಂಥವರದು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಒಂದೆರಡು ಕಂಪ್ಯೂಟರ್ ಅಂಗಡಿಗೆ ಫೋನ್ ಮಾಡಿ, ಮಾಡೆಲ್ ಹೆಸರು ಪೂರ್ತಿ ಹೇಳಿ, 'ಜಿಎಸ್‌ಟಿ ಬಿಲ್ ಸಮೇತ ಎಷ್ಟು?' ಎಂದು ಕೇಳಿ. ಆನ್‌ಲೈನ್ ರಿಯಾಯಿತಿ ಬೆಲೆಗಿಂತ ನೂರಿನ್ನೂರು ಕಡಿಮೆಗೆ ಅಲ್ಲಿ ಸಿಕ್ಕಿದ ಉದಾಹರಣೆಗಳು ನನ್ನ ಬಳಿ ಬೇಕಾದಷ್ಟಿವೆ.

ಈಗಲೇ ಕೊಳ್ಳಲೇ, ಬೆಲೆ ಇಳಿಯಲೆಂದು ಕಾಯಲೇ?

ಫ್ಲ್ಯಾಶ್ ಚಿಪ್ಪಿನ ಬೆಲೆ ಈರುಳ್ಳಿ ಬೆಲೆಯ ಹಾಗೆ. ಮಾಲು ಹೆಚ್ಚಾದರೆ ನೆಲ ಕಚ್ಚುತ್ತದೆ, ಉತ್ಪಾದನೆ ಕಡಿತವಾದರೆ ಏರುತ್ತದೆ. 2023ರಲ್ಲಿ ಚಿಪ್ಪುಗಳು ಗೋದಾಮುಗಳಲ್ಲಿ ತುಂಬಿ ತುಳುಕಿ, ಸಾಧಾರಣ 1 ಟಿಬಿ ಡ್ರೈವ್‌ಗಳು ನಾಲ್ಕು ಸಾವಿರದ ಆಸುಪಾಸಿಗೆ ಬಂದಿದ್ದವು. ಆಮೇಲೆ ತಯಾರಕರು ಉತ್ಪಾದನೆ ಕಡಿಮೆ ಮಾಡಿದರು, ಬೆಲೆ ಮೇಲೆದ್ದಿತು. 2025ರ ಕೊನೆಗೆ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ ಮತ್ತೊಮ್ಮೆ ಏರಿತು. ಮೈಕ್ರಾನ್ ಕಂಪನಿಯಂತೂ ಜನಸಾಮಾನ್ಯರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಘೋಷಿಸಿತು.

ಆದ್ದರಿಂದ 'ಹೋದ ವರ್ಷ ಇಷ್ಟಿತ್ತು' ಎಂಬ ನೆನಪನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ನಿಮ್ಮ ಹಾರ್ಡ್‌ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಒಂದು ದಿನವೂ ಕಾಯಬಾರದು. ಬರೀ ಆಟಗಳಿಗೆ ಜಾಗ ಸಾಲದು ಎಂಬುದಾದರೆ ಆರಾಮವಾಗಿ ಕಾಯಿರಿ.

ನನ್ನ ಲ್ಯಾಪ್‌ಟಾಪಿಗೆ ಯಾವ ಎಸ್‌ಎಸ್‌ಡಿ ಕೂರುತ್ತದೆ?

ಬೆಲೆ ನೋಡುವ ಮೊದಲೇ ಕೇಳಬೇಕಾದ ಪ್ರಶ್ನೆ ಇದು. ರಿಯಾಯಿತಿಗೆ ಮರುಳಾಗಿ ಕೊಂಡು, ಆಮೇಲೆ ಕೂರಿಸಲು ನನ್ನ ಬಳಿ ತರುವವರಲ್ಲಿ ಎಷ್ಟೋ ಜನರ ಡ್ರೈವ್ ಅವರ ಯಂತ್ರಕ್ಕೆ ಆಗುವುದೇ ಇಲ್ಲ.

2012, 2015ರ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲಿಗೆ ಎರಡೂವರೆ ಇಂಚಿನ ಸಾಟಾ ಡ್ರೈವ್ ಬೇಕು. ಸಾಟಾ ಎಂದರೆ ಡ್ರೈವನ್ನು ಕಂಪ್ಯೂಟರಿಗೆ ಜೋಡಿಸುವ ಹಳೆಯ, ನಿಧಾನದ ಬಗೆ. ಚಪ್ಪಟೆ ಡಬ್ಬಿಯಂತೆ, ಹಳೆಯ ಹಾರ್ಡ್‌ಡಿಸ್ಕ್ ಕೂತಿದ್ದ ಜಾಗದಲ್ಲೇ ಕೂರುತ್ತದೆ. ಈಚಿನವಕ್ಕೆ ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ಡ್ರೈವ್. ಅದರ ಮೇಲೆ 2280 ಎಂದಿದ್ದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. 2242, 2230 ಎಂಬ ಗಿಡ್ಡ ಡ್ರೈವ್‌ಗಳೂ ಇವೆ. ಉದ್ದ ಹೊಂದದಿದ್ದರೆ ಸ್ಕ್ರೂ ಹಾಕಲು ಜಾಗವೇ ಇರುವುದಿಲ್ಲ.

ಎಡವುವುದು ಇಲ್ಲಿ: ಎಂ.2 ಎಂಬುದು ಆಕಾರದ ಹೆಸರು ಮಾತ್ರ. ಅದೇ ಆಕಾರದಲ್ಲಿ ಸಾಟಾ ಡ್ರೈವ್ ಕೂಡ ಬರುತ್ತದೆ, ಅದಕ್ಕಿಂತ ವೇಗದ ಹೊಸ ಬಗೆಯಾದ ಎನ್‌ವಿಎಂಇ ಡ್ರೈವ್ ಕೂಡ ಬರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳು ಒಂದನ್ನು ಮಾತ್ರ ಗುರುತಿಸುತ್ತವೆ. ಡ್ರೈವ್‌ನ ಚಿನ್ನದ ಬಣ್ಣದ ಹಲ್ಲುಗಳ ಸಾಲನ್ನು ಬೆಳಕಿಗೆ ಹಿಡಿದು ನೋಡಿ. ಎರಡು ಕಡೆ ಕಚ್ಚು ಇದ್ದರೆ ಅದು ಬಹುತೇಕ ಸಾಟಾ, ಒಂದೇ ಕಡೆ ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ. ಆದರೂ ಕಚ್ಚನ್ನೇ ನಂಬಬೇಡಿ. ಲ್ಯಾಪ್‌ಟಾಪಿನ ಪೂರ್ತಿ ಮಾಡೆಲ್ ಸಂಖ್ಯೆ ಹಾಕಿ ಕಂಪನಿಯ ಸರ್ವಿಸ್ ಮ್ಯಾನ್ಯುಯಲ್ ತೆಗೆದರೆ ಯಾವುದು ಆಗುತ್ತದೆಂದು ಸ್ಪಷ್ಟವಾಗಿ ಬರೆದಿರುತ್ತದೆ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಬದಲಿಸಲು ಬರುವುದೇ ಇಲ್ಲ.

ಒಂದರ ಮೇಲೆ 3,500 ಎಂಬಿ ವೇಗ ಎಂದಿದೆ, ಇನ್ನೊಂದರ ಮೇಲೆ 7,000. ಸ್ವಲ್ಪ ಹೆಚ್ಚು ಕೊಟ್ಟು ಎರಡನೆಯದನ್ನೇ ಕೊಳ್ಳಲೇ?

ನಿಮ್ಮ ಯಂತ್ರದಲ್ಲಿ ಯಾವ ತಲೆಮಾರಿನ ಸ್ಲಾಟ್ (ಡ್ರೈವ್ ಸಿಕ್ಕಿಸುವ ಜಾಗ) ಇದೆ ಎಂಬುದರ ಮೇಲಿದೆ. ಸಾಟಾ ಆದರೆ ಸೆಕೆಂಡಿಗೆ 550 ಎಂಬಿ ಆಸುಪಾಸಿಗೆ ನಿಂತುಬಿಡುತ್ತದೆ. ಎನ್‌ವಿಎಂಇ ಡ್ರೈವ್‌ಗಳ ಸಂಪರ್ಕಕ್ಕೆ ಪಿಸಿಐಇ ಎಂದು ಹೆಸರು, ಮುಂದಿನ ಅಂಕಿ ಅದರ ತಲೆಮಾರು. ಪಿಸಿಐಇ 3 ಆದರೆ ಸುಮಾರು 3,500. ಪಿಸಿಐಇ 4 ಆದರೆ 7,000 ದಾಟುತ್ತದೆ. ಪಿಸಿಐಇ 5ರ ಡ್ರೈವ್‌ಗಳು 14,000ದವರೆಗೂ ಹೋಗುತ್ತವೆ, ಅಷ್ಟೇ ಬಿಸಿಯೂ ಆಗುತ್ತವೆ. ವೇಗದ ಡ್ರೈವನ್ನು ಹಳೆಯ ಸ್ಲಾಟಿಗೆ ಹಾಕಿದರೆ ಕೆಲಸ ಮಾಡುತ್ತದೆ, ಸ್ಲಾಟಿನ ವೇಗದಲ್ಲಿ ಮಾತ್ರ. ಎಂಟು ವರ್ಷದ ಲ್ಯಾಪ್‌ಟಾಪಿಗೆ ಪಿಸಿಐಇ 5ರ ಡ್ರೈವ್ ಹಾಕುವುದು ಮೂಗಿಗಿಂತ ಮೂಗುತಿ ಭಾರವಾದ ಹಾಗೆ.

ದಿನಬಳಕೆಯಲ್ಲಿ ಕಣ್ಣಿಗೆ ಕಾಣುವ ಬದಲಾವಣೆ ಹಾರ್ಡ್‌ಡಿಸ್ಕ್ ಬಿಟ್ಟು ಎಸ್‌ಎಸ್‌ಡಿಗೆ ಬಂದಾಗ ಆಗುವುದು. ವಿಂಡೋಸ್ ಏಳುವಾಗ ಸಾವಿರಾರು ಪುಟ್ಟ ಫೈಲುಗಳನ್ನು ಅಲ್ಲಿಂದಿಲ್ಲಿಂದ ಹೆಕ್ಕಬೇಕು. ಹಾರ್ಡ್‌ಡಿಸ್ಕಿನ ಮುಳ್ಳು ಪ್ರತಿಯೊಂದಕ್ಕೂ ಓಡಾಡಬೇಕು, ಎಸ್‌ಎಸ್‌ಡಿಯಲ್ಲಿ ಓಡಾಡುವ ಭಾಗವೇ ಇಲ್ಲ. ಸಾಟಾದಿಂದ ಎನ್‌ವಿಎಂಇಗೆ ಹೋದಾಗಿನ ವ್ಯತ್ಯಾಸ ಅಷ್ಟು ತಿಳಿಯುವುದಿಲ್ಲ. 3,500ರಿಂದ 7,000ಕ್ಕೆ ಹೋದದ್ದು ನುಡಿಯಲ್ಲಿ ಟೈಪ್ ಮಾಡುವವರಿಗೂ ಟ್ಯಾಲಿ ಬರೆಯುವವರಿಗೂ ಗೊತ್ತೇ ಆಗುವುದಿಲ್ಲ. ದೊಡ್ಡ ವಿಡಿಯೋ ಎಡಿಟ್ ಮಾಡುವವರಿಗೆ ಗೊತ್ತಾಗುತ್ತದೆ.

ಟಿಎಲ್‌ಸಿ, ಕ್ಯೂಎಲ್‌ಸಿ ಅಂದರೇನು? ಅಗ್ಗದ ಡ್ರೈವ್‌ಗಳಿಗೂ ಇದಕ್ಕೂ ಏನು ಸಂಬಂಧ?

ಸಂಬಂಧ ಬಹಳ ಇದೆ. ರಿಯಾಯಿತಿಯ ಡ್ರೈವ್ ಯಾಕೆ ಅಷ್ಟು ಅಗ್ಗ ಎಂಬುದಕ್ಕೆ ಉತ್ತರ ಹಲವು ಸಲ ಇಲ್ಲೇ ಇರುತ್ತದೆ.

ಫ್ಲ್ಯಾಶ್ ಚಿಪ್ಪಿನೊಳಗೆ ಸೆಲ್ ಎಂಬ ಕಣ್ಣಿಗೆ ಕಾಣದ ಗೂಡುಗಳಿವೆ. ಗೂಡಿನಲ್ಲಿ ಎಷ್ಟು ವಿದ್ಯುದಾವೇಶ ನಿಂತಿದೆ ಎಂದು ಅಳೆದೇ ಡ್ರೈವ್ ನಿಮ್ಮ ಫೈಲನ್ನು ಓದುವುದು. ಟಿಎಲ್‌ಸಿಯಲ್ಲಿ ಒಂದು ಗೂಡಿಗೆ ಮೂರು ಬಿಟ್, ಅಂದರೆ ಎಂಟು ಮಟ್ಟಗಳನ್ನು ಗುರುತಿಸಬೇಕು. ಕ್ಯೂಎಲ್‌ಸಿಯಲ್ಲಿ ನಾಲ್ಕು ಬಿಟ್, ಹದಿನಾರು ಮಟ್ಟ. ಒಂದೇ ಲೋಟಕ್ಕೆ ಎಂಟು ಗೆರೆ ಎಳೆದು ಹಾಲು ಅಳೆಯುವುದು ಸುಲಭ. ಹದಿನಾರು ಗೆರೆ ಎಳೆದರೆ ಗೆರೆಗಳು ಒತ್ತೊತ್ತಾಗಿ ಬರುತ್ತವೆ, ನಿಧಾನವಾಗಿ ಹುಷಾರಾಗಿ ಸುರಿಯಬೇಕು. ಕ್ಯೂಎಲ್‌ಸಿಯ ಬರೆಯುವ ವೇಗ ಕಡಿಮೆ, ತಾಳಿಕೆ ಕಡಿಮೆ. ಅಷ್ಟೇ ಚಿಪ್ಪಿನಲ್ಲಿ ಹೆಚ್ಚು ಜಾಗ ಸಿಗುವುದರಿಂದ ಬೆಲೆಯೂ ಕಡಿಮೆ.

ಈ ನಿಧಾನ ಮೊದಲಿಗೆ ಕಾಣದಂತೆ ತಯಾರಕರು ಒಂದು ವ್ಯವಸ್ಥೆ ಮಾಡಿರುತ್ತಾರೆ. ಚಿಪ್ಪಿನ ಒಂದು ಭಾಗವನ್ನು ಗೂಡಿಗೊಂದೇ ಬಿಟ್ ಬರೆಯುವ ವೇಗದ ಜಾಗವಾಗಿ ಬಳಸುತ್ತಾರೆ. ಅದನ್ನು ಎಸ್‌ಎಲ್‌ಸಿ ಕ್ಯಾಶ್ ಎನ್ನುತ್ತೇವೆ. ಬಾಕ್ಸ್ ಮೇಲೆ ಅಚ್ಚಾದ ವೇಗ ಈ ಕ್ಯಾಶ್ ತುಂಬುವವರೆಗಿನದು. ಸ್ಯಾಮ್‌ಸಂಗ್ ತನ್ನ ಕ್ಯೂಎಲ್‌ಸಿ ಡ್ರೈವ್ 870 ಕ್ಯೂವಿಒದ ವಿವರಪತ್ರದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದೆ: 1 ಟಿಬಿ ಡ್ರೈವಿನಲ್ಲಿ ಕ್ಯಾಶ್ ಗರಿಷ್ಠ 42 ಜಿಬಿ, ಅಲ್ಲಿಯವರೆಗೆ ಸೆಕೆಂಡಿಗೆ 530 ಎಂಬಿ, ಆಮೇಲೆ 80 ಎಂಬಿ. ಅದೇ ಕಂಪನಿಯ ಟಿಎಲ್‌ಸಿ ಡ್ರೈವ್ 870 ಇವಿಒ 1 ಟಿಬಿಯಲ್ಲಿ ಕ್ಯಾಶ್ ಮುಗಿದ ಮೇಲೂ 530 ಎಂಬಿಯೇ.

ಮದುವೆಯೊಂದರ 200 ಜಿಬಿ ವಿಡಿಯೋ ನಕಲು ಮಾಡಬೇಕು ಎಂದುಕೊಳ್ಳಿ. ಇವಿಒದಲ್ಲಿ ಆರೂಕಾಲು ನಿಮಿಷ. ಕ್ಯೂವಿಒದಲ್ಲಿ ಮೊದಲ 42 ಜಿಬಿ ಒಂದೂಕಾಲು ನಿಮಿಷದಲ್ಲಿ ಹೋಗಿಬಿಡುತ್ತದೆ, ಉಳಿದ 158 ಜಿಬಿಗೆ ಮೂವತ್ತಮೂರು ನಿಮಿಷ ಹಿಡಿಯುತ್ತದೆ.

ಫೋಟೋ ಸ್ಟುಡಿಯೋ ನಡೆಸುವ ಗೆಳೆಯರೊಬ್ಬರು ಸೇಲ್‌ನಲ್ಲಿ ಬೇರೊಂದು ಕಂಪನಿಯ ಕ್ಯೂಎಲ್‌ಸಿ ಡ್ರೈವ್ ತಂದು, 'ಇದು ಕೆಟ್ಟುಹೋಗಿದೆ, ನೋಡಿ' ಎಂದು ನನ್ನ ಮುಂದಿಟ್ಟರು. ನಕಲು ಹಾಕಿ ಇಬ್ಬರೂ ಪರದೆ ನೋಡುತ್ತ ಕೂತೆವು. ವಿಂಡೋಸಿನ ಹಸಿರು ಗ್ರಾಫ್ ಮೊದಲು ಮೇಲೆ ಹಾಸಿಗೆ ಹಾಸಿದಂತೆ ಸಮನಾಗಿ ಸಾಗಿತು, ಆಮೇಲೆ ಬಾವಿಗೆ ಇಳಿದಂತೆ ನೇರ ಕೆಳಗಿಳಿದು ತಳದಲ್ಲೇ ಎಳೆಯತೊಡಗಿತು. ಡ್ರೈವ್ ಕೆಟ್ಟಿರಲಿಲ್ಲ, ಅದರ ಜಾಯಮಾನವೇ ಅದು. ಅವರ ಕೆಲಸಕ್ಕೆ ಅದು ತಕ್ಕದ್ದಲ್ಲ. ಅದೇ ಡ್ರೈವನ್ನು ಅವರ ಮಗಳ ಓದಿನ ಲ್ಯಾಪ್‌ಟಾಪಿಗೆ ಹಾಕಿದೆವು, ಅಲ್ಲಿ ಸೊಗಸಾಗಿ ಓಡುತ್ತಿದೆ. ಓದುವುದೇ ಹೆಚ್ಚು, ಬರೆಯುವುದು ಕಡಿಮೆ ಇರುವಲ್ಲಿ ಕ್ಯೂಎಲ್‌ಸಿ ತಪ್ಪೇನಲ್ಲ. ಆದರೆ ಬೆಲೆಯಲ್ಲಿ ಟಿಎಲ್‌ಸಿಗಿಂತ ಚೆನ್ನಾಗಿ ಕಡಿಮೆ ಇರಬೇಕು. ಮುನ್ನೂರು ನಾನೂರು ರೂಪಾಯಿ ವ್ಯತ್ಯಾಸಕ್ಕೆ ಕ್ಯೂಎಲ್‌ಸಿ ಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

'ಡಿರ್ಯಾಮ್ ಇಲ್ಲದ ಡ್ರೈವ್ ಬೇಡ' ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಯಾವ ಫೈಲಿನ ಯಾವ ತುಂಡು ಯಾವ ಗೂಡಿನಲ್ಲಿದೆ ಎಂಬ ಪಟ್ಟಿಯನ್ನು ಡ್ರೈವ್ ಇಟ್ಟುಕೊಂಡಿರುತ್ತದೆ. ಸ್ವಂತ ಡಿರ್ಯಾಮ್ (ವೇಗದ ತಾತ್ಕಾಲಿಕ ಮೆಮೊರಿ ಚಿಪ್ಪು) ಇದ್ದರೆ ಪಟ್ಟಿ ಕೈಯಳತೆಯಲ್ಲೇ ಇರುತ್ತದೆ. ಇಲ್ಲದಿದ್ದರೆ ಮತ್ತೆ ಮತ್ತೆ ನಿಧಾನದ ಫ್ಲ್ಯಾಶಿನಲ್ಲಿ ಹುಡುಕಬೇಕು. ಎನ್‌ವಿಎಂಇ ಡ್ರೈವ್‌ಗಳು ಕಂಪ್ಯೂಟರಿನ ರ್ಯಾಮ್‌ನಲ್ಲೇ ಒಂದಿಷ್ಟು ಜಾಗ ಸಾಲ ಪಡೆದು ಕೆಲಸ ಸಾಗಿಸಬಲ್ಲವು, ಅದಕ್ಕೆ ಎಚ್‌ಎಂಬಿ ಎಂದು ಹೆಸರು. ಹಾಗಾಗಿ ಮನೆಬಳಕೆಯ ಎನ್‌ವಿಎಂಇಯಲ್ಲಿ ಡಿರ್ಯಾಮ್ ಇಲ್ಲದಿದ್ದರೂ ದೊಡ್ಡ ತೊಂದರೆಯಿಲ್ಲ. ಸಾಟಾ ಡ್ರೈವ್‌ಗೆ ಆ ಸಾಲದ ಸೌಲಭ್ಯವಿಲ್ಲ. ಮುಖ್ಯ ಡ್ರೈವ್ ಆಗಿ ಹಾಕುವ ಸಾಟಾದಲ್ಲಿ ಡಿರ್ಯಾಮ್ ಇದ್ದರೆ ಐನೂರು ರೂಪಾಯಿ ಹೆಚ್ಚಾದರೂ ಕೊಡಿ.

ಟಿಬಿಡಬ್ಲ್ಯೂ ಎಷ್ಟಿರಬೇಕು?

ವಾರಂಟಿ ಅವಧಿಯಲ್ಲಿ ಡ್ರೈವ್‌ಗೆ ಒಟ್ಟು ಎಷ್ಟು ಟೆರಾಬೈಟ್ ಬರೆಯಬಹುದು ಎಂದು ಕಂಪನಿ ಹೇಳುವ ಲೆಕ್ಕ ಇದು. ಮೇಲೆ ಹೇಳಿದ 870 ಇವಿಒ 1 ಟಿಬಿಗೆ 600, ಐದು ವರ್ಷ ವಾರಂಟಿ. 870 ಕ್ಯೂವಿಒ 1 ಟಿಬಿಗೆ 360, ಮೂರು ವರ್ಷ. ಕ್ರೂಷಿಯಲ್ ಪಿ3 1 ಟಿಬಿಗೆ 220, ಐದು ವರ್ಷ. 600ನ್ನು ಐದು ವರ್ಷಕ್ಕೆ ಹಂಚಿದರೆ ದಿನಕ್ಕೆ 328 ಜಿಬಿ, 220 ಆದರೆ 120 ಜಿಬಿ. ನನ್ನ ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರಿನ ಡ್ರೈವ್ ನಾಲ್ಕು ವರ್ಷದಲ್ಲಿ ಬರೆದದ್ದು 19 ಟಿಬಿ, ದಿನಕ್ಕೆ 13 ಜಿಬಿ. ಮನೆಬಳಕೆಯವರು ಈ ಅಂಕಿಯ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ.

ಆದರೂ ನಾನು ಟಿಬಿಡಬ್ಲ್ಯೂ ನೋಡುತ್ತೇನೆ, ಬೇರೆ ಕಾರಣಕ್ಕೆ. ಬಾಕ್ಸ್ ಮೇಲೆ ಟಿಎಲ್‌ಸಿಯೋ ಕ್ಯೂಎಲ್‌ಸಿಯೋ ಎಂದು ಬರೆಯದಿದ್ದಾಗ ಈ ಅಂಕಿ ಚಾಡಿ ಹೇಳುತ್ತದೆ. 1 ಟಿಬಿಗೆ 600 ಇದ್ದರೆ ಬಹುತೇಕ ಟಿಎಲ್‌ಸಿ, ಇನ್ನೂರರ ಹತ್ತಿರವಿದ್ದರೆ ಕ್ಯೂಎಲ್‌ಸಿ ಎಂದು ಅನುಮಾನಪಡಿ. ಅಂಕಿಯನ್ನೇ ಕೊಟ್ಟಿಲ್ಲ ಎಂದರೆ ಆ ಡ್ರೈವನ್ನು ಬಿಟ್ಟುಬಿಡಿ.

ವಿಮರ್ಶೆಗಳಲ್ಲಿ ಹೊಗಳಿದ ಅದೇ ಮಾಡೆಲ್ ಈಗ ಅಗ್ಗಕ್ಕೆ ಬಂದಿದೆ. ಕಣ್ಣುಮುಚ್ಚಿ ಕೊಳ್ಳಬಹುದಲ್ಲವೇ?

ವಿಮರ್ಶೆಯ ತಾರೀಖು ನೋಡಿ. ಹೆಸರು ಅದೇ ಇಟ್ಟು ಒಳಗಿನ ಚಿಪ್ಪನ್ನು ಬದಲಿಸುವುದು ಈ ಉದ್ಯಮದಲ್ಲಿ ನಡೆದುಬಂದಿದೆ. 2014ರಲ್ಲಿ ಕಿಂಗ್‌ಸ್ಟನ್ ವಿ300 ಡ್ರೈವಿನಲ್ಲಿ ವಿಮರ್ಶಕರಿಗೆ ಕೊಟ್ಟದ್ದಕ್ಕಿಂತ ನಿಧಾನದ ಫ್ಲ್ಯಾಶ್ ಬಂದದ್ದು ಬೆಳಕಿಗೆ ಬಂತು. 2021ರಲ್ಲಿ ಕ್ರೂಷಿಯಲ್ ಪಿ2 ಟಿಎಲ್‌ಸಿಯಿಂದ ಕ್ಯೂಎಲ್‌ಸಿಗೆ ಬದಲಾಯಿತು. ಅದೇ ವರ್ಷ ವೆಸ್ಟರ್ನ್ ಡಿಜಿಟಲ್‌ನ ಬ್ಲೂ ಎಸ್‌ಎನ್550ರಲ್ಲಿ ಫ್ಲ್ಯಾಶ್ ಬದಲಾಗಿ, ಕ್ಯಾಶ್ ತುಂಬಿದ ಮೇಲಿನ ವೇಗ ಆರುನೂರರ ಆಸುಪಾಸಿನಿಂದ ನಾನೂರಕ್ಕಿಂತ ಕೆಳಗಿಳಿಯಿತು. ಸುದ್ದಿಯಾದ ಮೇಲೆ ಕಂಪನಿ ಬದಲಾವಣೆಯನ್ನು ಒಪ್ಪಿಕೊಂಡು, ಮುಂದೆ ಇಂಥ ಬದಲಾವಣೆ ಮಾಡಿದರೆ ಹೊಸ ಮಾಡೆಲ್ ಸಂಖ್ಯೆ ಕೊಡುವುದಾಗಿ ಹೇಳಿತು.

ಇದು ನನಗೆ ನಿಜಕ್ಕೂ ಬೇಸರ ತರಿಸುವ ವಿಷಯ. ಹಳೆಯ ವಿಮರ್ಶೆ ಓದಿ, ಕಷ್ಟಪಟ್ಟು ಕೂಡಿಟ್ಟ ದುಡ್ಡು ಕೊಟ್ಟವನಿಗೆ ಬೇರೆಯೇ ವಸ್ತು ಸಿಗಬಾರದು. ನಮ್ಮ ಕೈಯಲ್ಲಿರುವುದು ಇಷ್ಟು: ಕಳೆದ ಎರಡು ಮೂರು ತಿಂಗಳಲ್ಲಿ ಕೊಂಡವರ ಮಾತುಗಳನ್ನು ಮಾತ್ರ ಓದುವುದು, ಡ್ರೈವ್ ಬಂದ ಕೂಡಲೇ ಪರೀಕ್ಷಿಸುವುದು.

ಹೆಸರೇ ಕೇಳದ ಬ್ರ್ಯಾಂಡ್, ಬೆಲೆ ಅರ್ಧ. ಒಳಗಿನ ಚಿಪ್ ಎಲ್ಲ ಒಂದೇ ಅಲ್ಲವೇ?

ಫ್ಲ್ಯಾಶ್ ಚಿಪ್ಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್, ಜೊತೆಯಾಗಿ ತಯಾರಿಸುವ ಕಿಯೋಕ್ಸಿಯಾ ಮತ್ತು ಸ್ಯಾನ್‌ಡಿಸ್ಕ್, ಚೀನಾದ ವೈಎಂಟಿಸಿ. ಉಳಿದವರೆಲ್ಲ ಇವರಿಂದ ಚಿಪ್ಪು ಕೊಂಡು, ಡ್ರೈವನ್ನು ನಡೆಸುವ ಕಂಟ್ರೋಲರ್ ಎಂಬ ಚಿಪ್ಪು ಜೋಡಿಸಿ, ತಮ್ಮ ಹೆಸರಿನ ಸ್ಟಿಕ್ಕರ್ ಹಚ್ಚುವವರು. ಚಿಪ್ಪು ಒಂದೇ ಮನೆಯದಾಗಿರಬಹುದು, ದರ್ಜೆ ಒಂದೇ ಅಲ್ಲ. ಕಡಲೆಕಾಯಿ ಆರಿಸುವಾಗ ಗಟ್ಟಿಯದು ಒಂದು ಕಡೆ, ಜೊಳ್ಳು ಒಂದು ಕಡೆ ಹೋಗುತ್ತದಲ್ಲ, ಹಾಗೆ. ಒಳ್ಳೆಯದನ್ನು ಆರಿಸಿ ಕೊಳ್ಳುವ ಸಣ್ಣ ಬ್ರ್ಯಾಂಡ್‌ಗಳೂ ಇವೆ. ನನ್ನ ಅಳತೆ ಒಂದೇ: ಭಾರತದಲ್ಲಿ ಅವರ ಸರ್ವಿಸ್ ವಿಳಾಸ, ಫೋನ್ ಇದೆಯೇ? ಆ ಫೋನ್ ಯಾರಾದರೂ ಎತ್ತುತ್ತಾರೆಯೇ? ಕೊಳ್ಳುವ ಮೊದಲೇ ಒಮ್ಮೆ ಕರೆ ಮಾಡಿ ನೋಡಿ.

16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ ಎರಡು ಸಾವಿರ ರೂಪಾಯಿಗೆ ಬಂದಿದೆ!

ಬೇಡ. ಇದು ಮೋಸ. ಇದರಲ್ಲಿ 'ಆದರೂ' ಎನ್ನುವುದಕ್ಕೆ ಜಾಗವಿಲ್ಲ.

ನಿವೃತ್ತ ಮೇಷ್ಟ್ರೊಬ್ಬರು ಇಂಥದ್ದೊಂದನ್ನು ತಂದಿದ್ದರು. ಮೂವತ್ತು ವರ್ಷದ ಶಾಲಾ ಪ್ರವಾಸಗಳ, ವಾರ್ಷಿಕೋತ್ಸವಗಳ ಫೋಟೋಗಳನ್ನು ಸ್ಕ್ಯಾನ್ ಮಾಡಿಸಿ ಅದರಲ್ಲಿ ತುಂಬಿದ್ದರು. ಫೋಲ್ಡರ್‌ಗಳ ಹೆಸರು ಕಾಣುತ್ತಿದ್ದವು, ಫೋಟೋ ತೆರೆದರೆ ಬೂದುಬಣ್ಣದ ಚೌಕ. ಅವರ ಎದುರೇ ಬಿಚ್ಚಿದೆ. ಅಲ್ಯೂಮಿನಿಯಂ ಕವಚದೊಳಗೆ ಹೆಬ್ಬೆರಳಗಲದ ಹಸಿರು ಬೋರ್ಡ್, ಅದಕ್ಕೆ ಸಿಕ್ಕಿಸಿದ ಮೊಬೈಲಿನ ಮೈಕ್ರೋ ಎಸ್‌ಡಿ ಕಾರ್ಡ್, ಅಲುಗಾಡದಿರಲಿ ಎಂದು ಸುರಿದ ಬಿಸಿ ಗೋಂದು, ಕೈಗೆ ಭಾರ ಬರಲೆಂದು ಅಂಟಿಸಿದ ಒಂದು ಕಬ್ಬಿಣದ ತುಂಡು. ಕಾರ್ಡಿನ ನಿಜವಾದ ಜಾಗ 64 ಜಿಬಿ. ಕಂಪ್ಯೂಟರ್ ಕೇಳಿದಾಗ '16 ಟಿಬಿ ಇದ್ದೇನೆ' ಎಂದು ಸುಳ್ಳು ಹೇಳುವಂತೆ ಬೋರ್ಡಿನ ಫರ್ಮ್‌ವೇರ್ (ಒಳಗೇ ಕೂತು ಅದನ್ನು ನಡೆಸುವ ತಂತ್ರಾಂಶ) ತಿದ್ದಿರುತ್ತಾರೆ. ಜಾಗ ಮುಗಿದ ಮೇಲೂ ಬರೆದಂತೆ ತೋರಿಸುತ್ತದೆ, ಹಳೆಯದರ ಮೇಲೇ ಬರೆಯುತ್ತದೆ ಅಥವಾ ಗಾಳಿಗೆ ಬಿಡುತ್ತದೆ. ಮೇಷ್ಟ್ರ ಫೋಟೋಗಳಲ್ಲಿ ಕಾಲು ಭಾಗ ಮಾತ್ರ ಉಳಿಸಲು ಸಾಧ್ಯವಾಯಿತು. ಅವರು ಏನೂ ಹೇಳಲಿಲ್ಲ, ಕನ್ನಡಕ ಒರೆಸಿಕೊಂಡು ಹೊರಟರು. ಈ ಪುಟ ಬರೆಯಬೇಕೆಂದು ನಾನು ತೀರ್ಮಾನಿಸಿದ್ದು ಅಂದು ಸಂಜೆ.

1 ಟಿಬಿ ಎಂದು ಕೊಂಡೆ, 931 ಜಿಬಿ ತೋರಿಸುತ್ತಿದೆ. ಇದೂ ಮೋಸವೇ?

ಅಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1,024ರ ಲೆಕ್ಕದಲ್ಲಿ. 500 ಜಿಬಿಗೆ 465, 1 ಟಿಬಿಗೆ 931 ಕಾಣುವುದು ಸರಿಯೇ.

ಸೆಕೆಂಡ್ ಹ್ಯಾಂಡ್ ಅಥವಾ ರಿಫರ್ಬಿಶ್ಡ್ ಡ್ರೈವ್ ಕೊಳ್ಳಬಹುದೇ?

ಕೊಳ್ಳಬಹುದು, ಡ್ರೈವಿನ ಆರೋಗ್ಯ ಕಣ್ಣಾರೆ ನೋಡಿದ ಮೇಲೆ. ಮಾರುವವರ ಎದುರೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ತೆರೆಯಿರಿ. ಎಷ್ಟು ಗಂಟೆ ಓಡಿದೆ, ಒಟ್ಟು ಎಷ್ಟು ಬರೆಯಲಾಗಿದೆ, ಎಷ್ಟು ಶೇಕಡ ಸವೆದಿದೆ, ಮೀಡಿಯಾ ಎರರ್ (ಸರಿಯಾಗಿ ಓದಲು ಬರೆಯಲು ಆಗದೆ ಹೋದದ್ದು) ಎಷ್ಟು ಎಂಬ ಸಾಲುಗಳನ್ನು ಓದಿ. ಕೊನೆಯದು ಸೊನ್ನೆ ಇರಲೇಬೇಕು. ಎಷ್ಟು ಸಲ ಆನ್ ಆಗಿದೆ, ಎಷ್ಟು ಗಂಟೆ ಓಡಿದೆ ಎಂಬುದನ್ನು ಒಂದಕ್ಕೊಂದು ತಾಳೆ ನೋಡಿ. ಮೂರು ವರ್ಷ ಹಳೆಯ ಲೇಬಲ್ ಇರುವ ಡ್ರೈವ್ ಎರಡು ಗಂಟೆ ಓಡಿದೆ ಎಂದು ತೋರಿಸಿದರೆ ಯಾರೋ ಲೆಕ್ಕ ಅಳಿಸಿದ್ದಾರೆ ಎಂದೇ ಅರ್ಥ ಮಾಡಿಕೊಳ್ಳಿ.

ಹೊಸ ಲ್ಯಾಪ್‌ಟಾಪ್‌ಗಳಿಂದ ಬಿಚ್ಚಿದ ಡ್ರೈವ್‌ಗಳೂ ಅಗ್ಗಕ್ಕೆ ಸಿಗುತ್ತವೆ. ಗುಣಮಟ್ಟದಲ್ಲಿ ಹಲವು ಚೆನ್ನಾಗಿಯೇ ಇರುತ್ತವೆ. ಆದರೆ ಅವುಗಳ ವಾರಂಟಿ ಲ್ಯಾಪ್‌ಟಾಪಿಗೆ ಅಂಟಿದ್ದು, ಬಿಡಿಯಾಗಿ ಕೊಂಡ ನಿಮಗೆ ಸಿಗುವುದಿಲ್ಲ. ಅಂಗಡಿಯವರು ಬಾಯಿಮಾತಲ್ಲಿ ಹೇಳುವ 'ಒಂದು ವರ್ಷ ಗ್ಯಾರಂಟಿ'ಯನ್ನು ಬಿಲ್ ಮೇಲೆ ಬರೆಸಿಕೊಳ್ಳಿ.

ಡ್ರೈವ್ ಬಂದ ದಿನ ಏನು ಮಾಡಬೇಕು?

ಪಾರ್ಸೆಲ್ ಬಿಚ್ಚುವಾಗ ಆರಂಭದಿಂದ ಕೊನೆವರೆಗೆ ನಿಲ್ಲಿಸದೆ ವಿಡಿಯೋ ಮಾಡಿ. ಲೇಬಲ್ ಮೇಲಿನ ಸೀರಿಯಲ್ ಸಂಖ್ಯೆ ಓದುವಂತೆ ಕಾಣಬೇಕು. ಆ ಸಂಖ್ಯೆಯನ್ನು ತಯಾರಕರ ಜಾಲತಾಣದ ವಾರಂಟಿ ಪುಟದಲ್ಲಿ ಹಾಕಿ. ಬೇರೆ ಮಾಡೆಲ್ ತೋರಿಸಿದರೆ ಅಥವಾ ವಾರಂಟಿ ಆಗಲೇ ಶುರುವಾಗಿ ವರ್ಷವಾಗಿದ್ದರೆ ವಾಪಸ್ ಕಳಿಸಿ.

ಆಮೇಲೆ ಮೇಲೆ ಹೇಳಿದ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಆರೋಗ್ಯದ ಅಂಕಿ ನೋಡಿ. ಹೊಸ ಡ್ರೈವಿನಲ್ಲಿ ಓಡಿದ ಗಂಟೆ ಸೊನ್ನೆಯ ಹತ್ತಿರ ಇರಬೇಕು. ಮುಂದಿನದು ಎಲ್ಲರೂ ಬಿಡುವ, ಯಾರೂ ಬಿಡಬಾರದ ಕೆಲಸ: ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸಿನಲ್ಲಿ ಎಫ್3 ಎಂಬ ತಂತ್ರಾಂಶ ಬಳಸಿ ಇಡೀ ಡ್ರೈವನ್ನು ಒಮ್ಮೆ ತುಂಬಿಸಿ ಓದಿಸುವುದು. ಖಾಲಿ ಡ್ರೈವಿನ ಮೇಲೆ, ನಿಮ್ಮ ಫೈಲುಗಳನ್ನು ಹಾಕುವ ಮೊದಲೇ ಮಾಡಬೇಕು. 1 ಟಿಬಿಗೆ ಗಂಟೆಗಟ್ಟಲೆ ಹಿಡಿಯಬಹುದು, ರಾತ್ರಿ ಹಾಕಿ ಮಲಗಿ. ಸುಳ್ಳು ಜಾಗವಿದ್ದರೆ ಬೆಳಿಗ್ಗೆ ಕೆಂಪಕ್ಷರದಲ್ಲಿ ಸಿಕ್ಕಿಬೀಳುತ್ತದೆ. ಕ್ಯಾಶ್ ಮುಗಿದ ಮೇಲಿನ ವೇಗವೂ ಇದರಲ್ಲೇ ತಿಳಿಯುತ್ತದೆ. ವಾಪಸಾತಿ ಅವಧಿ ಹಲವು ಕಡೆ ಒಂದು ವಾರ, ಹತ್ತು ದಿನ ಮಾತ್ರ. ಅಷ್ಟರೊಳಗೆ ಮುಗಿಸಿ.

ಕೊನೆಗೆ ಫರ್ಮ್‌ವೇರ್ ಅಪ್‌ಡೇಟ್. ಗೋದಾಮಿನಲ್ಲಿ ಬಹುಕಾಲ ಉಳಿದ ಮಾಲೇ ರಿಯಾಯಿತಿಗೆ ಬರುವುದು ಹೆಚ್ಚು, ಹಾಗಾಗಿ ಹಳೆಯ ಫರ್ಮ್‌ವೇರ್ ಇರುತ್ತದೆ. ಸ್ಯಾಮ್‌ಸಂಗ್ 980 ಪ್ರೊ ಡ್ರೈವ್‌ಗಳ ಹಳೆಯ ಫರ್ಮ್‌ವೇರ್ ಒಂದರಲ್ಲಿ ಡ್ರೈವ್ ಓದಲು ಮಾತ್ರ ಬರುವ ಸ್ಥಿತಿಗೆ ಹೋಗಿ ಕೂರುವ ದೋಷವಿತ್ತು, ಕಂಪನಿ ಹೊಸ ಆವೃತ್ತಿ ಕೊಟ್ಟು ಸರಿಪಡಿಸಿತು. ಅಪ್‌ಡೇಟ್ ಮಾಡದೆ ಬಳಸುತ್ತಿದ್ದವರ ಡ್ರೈವಿನಲ್ಲಿ ಆ ದೋಷ ಹಾಗೇ ಉಳಿಯಿತು.

ಬಿಲ್ ಇಲ್ಲದೆ ಕೊಂಡರೆ ಜಿಎಸ್‌ಟಿ ಉಳಿಯುತ್ತದೆ ಎನ್ನುತ್ತಾರೆ ಅಂಗಡಿಯವರು.

ಎಸ್‌ಎಸ್‌ಡಿಗೆ ಜಿಎಸ್‌ಟಿ ಶೇ 18. ಅದನ್ನು ಉಳಿಸಿ ಮೂರರಿಂದ ಐದು ವರ್ಷದ ವಾರಂಟಿ ಕಳೆದುಕೊಳ್ಳುತ್ತೀರಿ. ಬಿಲ್ ಮೇಲೆ ಮಾಡೆಲ್, ಸೀರಿಯಲ್ ಸಂಖ್ಯೆ ಎರಡೂ ಇರಲಿ, ಫೋಟೋ ತೆಗೆದಿಟ್ಟುಕೊಳ್ಳಿ. ಕೆಲವು ಬಿಲ್‌ಗಳ ಅಕ್ಷರ ಆರು ತಿಂಗಳಲ್ಲೇ ಮಾಸಿಹೋಗುತ್ತದೆ. ಅಮೆರಿಕದಲ್ಲೋ ದುಬೈನಲ್ಲೋ ಇರುವ ನೆಂಟರಿಂದ ತರಿಸುವುದಾದರೆ, ಅಲ್ಲಿ ಕೊಂಡ ಡ್ರೈವ್‌ಗೆ ಇಲ್ಲಿ ವಾರಂಟಿ ಕೊಡುತ್ತಾರೆಯೇ ಎಂದು ಕಂಪನಿಯ ನಿಯಮ ಓದಿ ತರಿಸಿ. ಇನ್ನೊಂದು ಮಾತು: ವಾರಂಟಿಯಲ್ಲಿ ಹೊಸ ಡ್ರೈವ್ ಸಿಗುತ್ತದೆ, ಹಳೆಯದರೊಳಗಿದ್ದ ಫೈಲು ಸಿಗುವುದಿಲ್ಲ.

ಮಾರಿದವರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಿಲ್ಲು, ವಿಡಿಯೋ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ನೋ ಕಾಸ್ಟ್ ಇಎಂಐ ಲಾಭವೇ?

ಬಡ್ಡಿಯಷ್ಟು ಮೊತ್ತವನ್ನು ಬೆಲೆಯಲ್ಲಿ ಮೊದಲೇ ಕಳೆದಿರುತ್ತಾರೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿ, ಕೆಲವು ಬ್ಯಾಂಕ್‌ಗಳ ಪ್ರೊಸೆಸಿಂಗ್ ಶುಲ್ಕ ನಿಮ್ಮ ತಲೆಗೇ. ನಾಲ್ಕೈದು ಸಾವಿರದ ವಸ್ತುವಿಗೆ ಇನ್ನೂರು ರೂಪಾಯಿ ಶುಲ್ಕ ಕಟ್ಟಿದರೆ ರಿಯಾಯಿತಿ ಅಲ್ಲೇ ಕರಗಿತು.

ಮನೆಯ ಫೋಟೋಗಳನ್ನೆಲ್ಲ ಅಗ್ಗದ ಎಸ್‌ಎಸ್‌ಡಿಗೆ ಹಾಕಿ ಬೀರುವಿನಲ್ಲಿಟ್ಟರೆ ಸಾಕೇ?

ಸಾಲದು. ಎಸ್‌ಎಸ್‌ಡಿ ಗೂಡುಗಳಲ್ಲಿ ನಿಂತ ಆವೇಶ ಕರೆಂಟ್ ಇಲ್ಲದೆ ಇಟ್ಟರೆ ಮೆಲ್ಲಗೆ ಸೋರುತ್ತದೆ. ಜೆಡೆಕ್ ಎಂಬ ಮಾನದಂಡ ಸಂಸ್ಥೆಯ ಪ್ರಕಾರ, ಮನೆಬಳಕೆಯ ಡ್ರೈವ್ ತನ್ನ ಬರೆಯುವ ಮಿತಿಯನ್ನೆಲ್ಲ ಮುಗಿಸಿದ ಮೇಲೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರೆಂಟ್ ಇಲ್ಲದೆ ಒಂದು ವರ್ಷ ಮಾಹಿತಿ ಹಿಡಿದಿಟ್ಟರೆ ಸಾಕು. ಹೊಸ ಡ್ರೈವ್ ಅದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿದಿಡುತ್ತದೆ, ಆದರೆ ಸೆಖೆ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕಬ್ಬಿಣದ ಬೀರುವಿನೊಳಗೆ ಎಷ್ಟು ಕಾವಿರುತ್ತದೆಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಎತ್ತಿಡುವ ಫೋಟೋಗಳಿಗೆ ಸಾಧಾರಣ ಹಾರ್ಡ್‌ಡಿಸ್ಕ್ ಒಂದು, ಬೇರೆ ಮನೆಯಲ್ಲಿ ಅದರ ನಕಲು ಇನ್ನೊಂದು ಇರಲಿ.

ಎಸ್‌ಎಸ್‌ಡಿ ಹಾಕಿಸಿದ ಮೇಲೆ ಹಳೆಯ ಹಾರ್ಡ್‌ಡಿಸ್ಕ್ ಏನು ಮಾಡಲಿ?

ಎರಡು ತಿಂಗಳು ಮುಟ್ಟಬೇಡಿ. ಒಂದು ಕವರಿನಲ್ಲಿ ಹಾಕಿ, ಮೇಲೆ ತಾರೀಖು ಬರೆದು, ಮನೆಯಲ್ಲಿ ತಣ್ಣಗಿರುವ ಜಾಗದಲ್ಲಿಡಿ. ಟ್ಯಾಲಿಯ ಹಳೆಯ ವರ್ಷದ ಲೆಕ್ಕ, ಬರಹದಲ್ಲಿ ಟೈಪ್ ಮಾಡಿದ ಪತ್ರ, ಬ್ರೌಸರಿನಲ್ಲಿ ಉಳಿದ ಪಾಸ್‌ವರ್ಡ್, ಇಂಥದ್ದೇನಾದರೂ ಬಿಟ್ಟುಹೋಗಿರುವುದು ನೆನಪಾಗುವುದು ಆ ಎರಡು ತಿಂಗಳಲ್ಲೇ. ಆಮೇಲೆ ಒಂದು ಯುಎಸ್‌ಬಿ ಕೇಸ್ ಹಾಕಿಸಿದರೆ ಅದೇ ನಿಮ್ಮ ಫೋಟೋಗಳ ಬ್ಯಾಕಪ್ ಡಿಸ್ಕ್ ಆಗುತ್ತದೆ. ಕೇಸ್ ಕೊಳ್ಳುವಾಗ ಯುಎಸ್‌ಬಿ 3 ಇರುವುದನ್ನೇ ಕೇಳಿ.